ಪದ ಬೇಕು: ಆಂಟೆನಾ, ಸರ್ಕ್ಯೂಟ್ ಒಂದಾಗುವುದಕ್ಕೆ ಏನನ್ನೋಣ?

ತುಮಕೂರಿನಿಂದ:
ನಾಳೆ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಫ್ಲೆಕ್ಸ್ ಅಂಗಡಿಯವರು ಸಂಜೆ ಐದರೊಳಗೆ ಬರಹ ಕೊಡಿ ಅಂದಿದ್ದಾರೆ. ವಿಷಯ ಇಷ್ಟು. 60 ಗಿಗಾಹರ್ಟ್ಸ್‌ನಲ್ಲಿ ರೇಡಿಯೋ ಅಲೆಯ ಉದ್ದ ಬರೀ 5 ಮಿಲಿಮೀಟರ್. ಅರ್ಧ ಅಲೆಯ ಆಂಟೆನಾ ಎರಡೂವರೆ ಮಿಲಿಮೀಟರಿಗೆ ಮುಗಿಯುತ್ತದೆ. ಆಂಟೆನಾಕ್ಕೂ ಸರ್ಕ್ಯೂಟಿಗೂ ನಡುವಿನ ತಂತಿ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುತ್ತದೆ. ಹಾಗಾಗಿ ಆಂಟೆನಾವನ್ನು ಚಿಪ್ ಮೇಲೆಯೇ, ಇಲ್ಲವೇ ಚಿಪ್ ಕೂರುವ ಪ್ಯಾಕೇಜಿನಲ್ಲೇ ಮಾಡಿಬಿಡುತ್ತಾರೆ. ಈ ‘ಇಂಟಿಗ್ರೇಷನ್’ಗೆ ಕನ್ನಡ ಬೇಕು. ‘ಏಕೀಕರಣ’ ಅಂತ ಬರೆದಿದ್ದೆ. ಗೆಳೆಯ ನೋಡಿ, ನವೆಂಬರ್ ಒಂದರ ಭಾಷಣವಾ ಅಂದ.

ಗೌರಿಬಿದನೂರಿನಿಂದ:
ಏಕೀಕರಣ 1956ಕ್ಕೇ ಮುಗಿಯಿತು, ಬಿಡಿ. ಮೊದಲು ‘ಆಂಟೆನಾ’ ಸರಿಮಾಡಿ. ಲ್ಯಾಟಿನ್ನಿನಲ್ಲಿ ಅದು ಹಾಯಿ ಕಟ್ಟುವ ಅಡ್ಡತೊಲೆ. ಗ್ರೀಕರು ಆ ತೊಲೆಗೂ ಹುಳದ ಕೋಡಿಗೂ ಒಂದೇ ಪದ ಬಳಸುತ್ತಿದ್ದರು. ಕೋಡು ನಮ್ಮದೇ ಅಲ್ವಾ? ‘ಅಲೆಗೋಡು’ ಅನ್ನಿ. ಇಲ್ಲಿನ ರೇಡಿಯೋ ದೂರದರ್ಶಕಕ್ಕೆ ಬಂದು ನೋಡಿ. ಕಟ್ಟಿದ್ದು 34.5 ಮೆಗಾಹರ್ಟ್ಸಿಗೆ, ಅಲೆ ಹೆಚ್ಚೂಕಮ್ಮಿ 8.7 ಮೀಟರ್. ಪೂರ್ವ-ಪಶ್ಚಿಮದ ಸಾಲೇ 1.4 ಕಿಲೋಮೀಟರ್. ಕೋಡುಗಳ ಕಾಡು! ಒಂದಾಗುವುದಕ್ಕೆ ‘ಬೆಸುಗೆ’ ಸಾಕು.

ಕೋಲಾರದಿಂದ:
ಅಲೆಗೋಡು ಅಂತ ಹಾಕಿದರೆ ಜನ ಕೋಡುಬಳೆ ಕೇಳಿಕೊಂಡು ಬರುತ್ತಾರೆ. ‘ಬೆಸುಗೆ’ ಪೂರ್ತಿ ಸರಿಯಲ್ಲ. ಬೆಸೆಯುವುದು ಬೇರೆ ಬೇರೆ ಇದ್ದದ್ದನ್ನು. ಪ್ಯಾಕೇಜಿನ ಆಂಟೆನಾಕ್ಕೆ ಒಪ್ಪೀತು. ಅಲ್ಲಿ ಚಿಪ್ಪನ್ನು ಪುಟ್ಟ ಬೆಸುಗೆ ಗುಂಡುಗಳ ಮೇಲೆ ಕೂರಿಸುತ್ತಾರೆ. ಚಿಪ್ ಮೇಲಿನದು ಹಾಗಲ್ಲ. ಸರ್ಕ್ಯೂಟಿನ ತಂತಿಗಳು ಮೂಡುವ ಲೋಹದ ಪದರದಲ್ಲೇ ಆಂಟೆನಾನೂ ಮೂಡುತ್ತದೆ. ಒಂದೇ ಬಸಿರು. ಅದು ‘ಒಡಹುಟ್ಟು ಆಂಟೆನಾ’. ಒಡನಾಡಿಯಲ್ಲಿರುವ ‘ಒಡ’ವೇ ಇದು. ಇನ್ನೊಂದು ಗುಣವೂ ಹೊಂದುತ್ತದೆ. ಕೆಳಗಿರುವ ಸಿಲಿಕಾನ್ ಆಂಟೆನಾದ ಪಾಲಿನ ಶಕ್ತಿಯನ್ನು ಜಾಸ್ತಿ ನುಂಗಿಹಾಕುತ್ತದೆ. ಅದಕ್ಕೇ ಹೆಚ್ಚಿನವರು ಬೇರೆ ಮನೆ ಮಾಡಿ ಪ್ಯಾಕೇಜಿಗೆ ಹೋಗುವುದು.

ಗೌರಿಬಿದನೂರಿನಿಂದ:
ಚಿಪ್, ಪ್ಯಾಕೇಜ್, ಸರ್ಕ್ಯೂಟ್ ಎಲ್ಲ ಇಂಗ್ಲಿಷು. ಬಾಗಿಲಿಗೆ ಸುಮ್ನೆ ‘ಒಡಹುಟ್ಟು’ ಅಂತ ತೋರಣ ಕಟ್ಟಿದರೆ ಕನ್ನಡದ ಮನೆ ಆಗಿಬಿಡುತ್ತದಾ? ಸರ್ಕ್ಯೂಟಿಗೆ ‘ಮಂಡಲ’ ಪಾಠಪುಸ್ತಕದಲ್ಲೇ ಇದೆ.

ಕೋಲಾರದಿಂದ:
ಮಂಡಲ ಸಂಸ್ಕೃತ. ಹೊಲದಲ್ಲಿ ಮಂಡಲ ಅಂದು ನೋಡಿ, ಹಾವು ಅಂತ ದೊಣ್ಣೆ ಹುಡುಕುತ್ತಾರೆ. ಜಿಲ್ಲೆ, ತಾಲ್ಲೂಕು ಎರಡೂ ಅರಬ್ಬಿ. ಮೊದಲು ನಿಮ್ಮ ವಿಳಾಸದಿಂದ ಅವನ್ನು ತೆಗೆಯಿರಿ, ಆಮೇಲೆ ಚಿಪ್ಪಿಗೆ ಬನ್ನಿ.

ಗೌರಿಬಿದನೂರಿನಿಂದ:
ಅವು ಊರ ಬಾಯಲ್ಲಿ ಪಳಗಿದವು. ಇವು ನೆನ್ನೆ ಬಂದವು.

ಕೋಲಾರದಿಂದ:
ಪಳಗಲು ಬಿಟ್ಟರೆ ತಾನೆ?

ತುಮಕೂರಿನಿಂದ:
ನಾಲ್ಕೂವರೆ ಆಯ್ತು. ಪ್ಯಾಕೇಜಿನದಕ್ಕೆ ‘ಬೆಸೆದ ಆಂಟೆನಾ’, ಚಿಪ್ಪಿನದಕ್ಕೆ ‘ಒಡಹುಟ್ಟು ಆಂಟೆನಾ’ ಅಂತ ಕಳಿಸಿಬಿಟ್ಟೆ. ಅಂಗಡಿಯ ಹುಡುಗ ಫೋನ್ ಮಾಡಿದ್ದ. ‘ಸಾರ್, ಅಣ್ಣ-ತಮ್ಮ ಇದ್ದ ಹಾಗೆ ಅಂತಾನಾ?’ ಅಂದ. ಹೂಂ ಅಂದೆ. ಪ್ರಿಂಟಿಗೆ ಹೋಯಿತು.