ಸಹಾಯ ಬೇಕು: ಬಾಕ್ಸ್‌ಸ್ಟರ್ ಇಂಜಿನ್‌ ಆಯಿಲ್ ಲೀಕ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಾಡಿ ಪೋರ್ಷೆ ಬಾಕ್ಸ್‌ಸ್ಟರ್, 2006ರ ಮಾಡೆಲ್, ಮ್ಯಾನುಯಲ್ ಗೇರ್. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆ. ರಾತ್ರಿ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಎರಡು ರೂಪಾಯಿ ನಾಣ್ಯದಗಲದ ಮೂರು ಕಲೆ. ಗೇರ್ ಆಯಿಲ್‌ನ ಗಂಧಕದ ಘಾಟಿಲ್ಲ, ಇಂಜಿನ್ ಆಯಿಲೇ.

ತಳ ಪೂರ್ತಿ ಡಿಗ್ರೀಸರ್‌ನಲ್ಲಿ ತೊಳೆದು, ಆಯಿಲ್‌ಗೆ ಯುವಿ ಡೈ (ಯುವಿ ಬೆಳಕಲ್ಲಿ ಹೊಳೆಯೋ ಬಣ್ಣ) ಬೆರೆಸಿ, 20 ನಿಮಿಷ ಓಡಿಸಿ ಯುವಿ ಟಾರ್ಚ್ ಹಾಕಿ ನೋಡಿದ್ದಾಯ್ತು. ಕ್ಯಾಮ್ ಕವರ್, ಪ್ಲಗ್ ಟ್ಯೂಬ್ ಒಣಗಿವೆ. ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಕೆಳಗಿನ ಸಂದಿಯೊಂದೇ ಹೊಳೆಯುತ್ತೆ. ಹಾಗಾಗಿ ಅನುಮಾನ ಕ್ರ್ಯಾಂಕ್‌ನ ಹಿಂದಿನ ಸೀಲ್ ಮೇಲೆ, ಇಲ್ಲವೇ ಅದರ ಕೆಳಗಿನ ಐಎಂಎಸ್ (ಇಂಜಿನ್ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್) ಕವರ್ ಮೇಲೆ. ಗೇರ್‌ಬಾಕ್ಸ್ ಇಳಿಸದೆ ತೀರ್ಮಾನ ಆಗಲ್ಲ.

ಪಿ.ಬಿ. ರಸ್ತೆ, ಹರಿಹರ ಅಥವಾ ಚಿತ್ರದುರ್ಗದ ಕಡೆ ಟೂ-ಪೋಸ್ಟ್ ಲಿಫ್ಟ್, ಗೇರ್‌ಬಾಕ್ಸ್ ಜಾಕ್ ಇರೋ ಗ್ಯಾರೇಜ್ ಇದ್ದರೆ ತಿಳಿಸಿ. ಮುಖ್ಯವಾಗಿ ಸೀಲ್ ಒತ್ತಿ ಕೂರಿಸೋ ಟೂಲ್ ಎರಡು ದಿನಕ್ಕೆ ಬಾಡಿಗೆಗೆ ಬೇಕು. ಪಿಟಿಎಫ್‌ಇ (ಟೆಫ್ಲಾನ್) ಸೀಲ್ ತಂದಿದ್ದೇನೆ. ಅದಕ್ಕೆ ಆಯಿಲ್ ಸವರಬಾರದು, ಒಣಗಿದ್ದಂಗೇ ಹಾಕಬೇಕು. ಸುತ್ತಿಗೇಲಿ ಬಡಿಯೋರು ದಯವಿಟ್ಟು ಬೇಡ, ಕೂದಲೆಳೆಯಷ್ಟು ಓರೆಯಾದರೂ ಮತ್ತೆ ಸೋರುತ್ತೆ. ಫ್ಲೈವೀಲ್ ಬೋಲ್ಟ್ ಹೊಸದೇ ಹಾಕಬೇಕು, ಸೆಟ್ ಯಾರ ಹತ್ರನಾದರೂ ಇದ್ದರೆ ಹೇಳಿ. ಕ್ಲಚ್ ಪ್ಲೇಟ್‌ಗೆ ಆಯಿಲ್ ಇಳಿಯೋ ಮೊದಲೇ ಮುಗಿಸಬೇಕು.