ಪದ ಬೇಕು, ಶುಕ್ರವಾರದೊಳಗೆ: ಪಿಂಚಣಿ ವಂತಿಗೆಯ ‘ಟ್ಯಾಕ್ಸ್ ರಿಲೀಫ್’

ಲೀಡ್ಸ್‌ನಿಂದ:
ಬಳಗಕ್ಕೆ ನಮಸ್ಕಾರ. ಇಲ್ಲಿನ ಕೇರ್ ಹೋಮ್‌ಗಳಲ್ಲಿ ದುಡಿಯುವ ನಮ್ಮವರಿಗಾಗಿ ಬ್ರಿಟನ್ನಿನ ಕಂಪನಿ ಪಿಂಚಣಿ ಬಗ್ಗೆ ಕರಪತ್ರ ಮಾಡುತ್ತಿದ್ದೇವೆ. ಶುಕ್ರವಾರ ಅಚ್ಚಿಗೆ. ಸಂಬಳದಲ್ಲಿ ಪಿಂಚಣಿಗೆ ಕಟ್ಟುವ ಹಣದ (ವಂತಿಗೆಯ) ಮೇಲೆ ತೆರಿಗೆ ಬೀಳದಂತೆ ಮಾಡುವುದೇ ‘ಟ್ಯಾಕ್ಸ್ ರಿಲೀಫ್’. ಅದಕ್ಕೆ ಎರಡು ಪದ್ಧತಿ. ‘ರಿಲೀಫ್ ಅಟ್ ಸೋರ್ಸ್’ ಆದರೆ ತೆರಿಗೆ ಹಿಡಿದುಕೊಂಡ ಮೇಲೆ ಉಳಿದ ಸಂಬಳದಲ್ಲಿ 80 ಪೌಂಡ್ ಮುರಿಯುತ್ತಾರೆ. ಪಿಂಚಣಿ ಸಂಸ್ಥೆ ಸರ್ಕಾರದಿಂದ 20 ತರಿಸಿ 100 ಮಾಡುತ್ತದೆ. ‘ನೆಟ್ ಪೇ’ ಆದರೆ ತೆರಿಗೆ ಲೆಕ್ಕಕ್ಕೆ ಮೊದಲೇ 100 ಪೂರ್ತಿ ಮುರಿಯುತ್ತಾರೆ. ‘ಮೂಲದಲ್ಲಿ ತೆರಿಗೆ ಪರಿಹಾರ’, ‘ನಿವ್ವಳ ವೇತನ ಪದ್ಧತಿ’ ಎಂದಿಟ್ಟಿದ್ದೇನೆ. ನಡೆಯುತ್ತದೆಯೇ?

ಮೈಸೂರಿನಿಂದ:
ನಡೆಯುವುದಿಲ್ಲ. ಪರಿಹಾರ ಅಂದರೆ ನೆರೆ ಬಂದಾಗ ತಹಸೀಲ್ದಾರರು ಕೊಡುವುದು. ‘ರಿಯಾಯಿತಿ’ ಅನ್ನಲು ಯಾರಾದರೂ ಹೊರಡುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಬ್ಬಿ. ತೆರು, ತೆರಿಗೆ ನಮ್ಮದಿರುವಾಗ ‘ತೆರಿಗೆ ಸಡಿಲಿಕೆ’ ಎನ್ನಲು ಏನು ಅಡ್ಡಿ?

ಬೆಂಗಳೂರಿನಿಂದ:
ಅಡ್ಡಿ ಇದೆ. ವರ್ಷಕ್ಕೆ 12,570 ಪೌಂಡ್‌ವರೆಗೆ ದುಡಿಯುವವರಿಗೆ ಅಲ್ಲಿ ಆದಾಯ ತೆರಿಗೆಯೇ ಇಲ್ಲ. 10,000 ದಾಟಿದರೆ ಸಾಮಾನ್ಯವಾಗಿ ಕಂಪನಿ ತಾನಾಗಿಯೇ ಪಿಂಚಣಿಗೆ ಸೇರಿಸುತ್ತದೆ. ನಡುವೆ ಸಿಕ್ಕವರಿಗೂ ಮೊದಲ ಪದ್ಧತಿಯಲ್ಲಿ ಆ 20 ಬರುತ್ತದೆ. ಇಲ್ಲದ ತೆರಿಗೆಯನ್ನು ಸಡಿಲಿಸುವುದು ಹೇಗೆ ಸ್ವಾಮಿ? ನೆಟ್ ಪೇಯಲ್ಲಿ ಅದೇ ಜನಕ್ಕೆ ಏನೂ ಸಿಗುತ್ತಿರಲಿಲ್ಲ. 2024-25ರ ವಂತಿಗೆಯಿಂದ ಈಚೆಗೆ ಸರ್ಕಾರ ಬೇರೆಯಾಗಿ ತುಂಬಿಕೊಡುವ ಏರ್ಪಾಡಾಗಿದೆ.

ಇನ್ನು ‘ಮೂಲದಲ್ಲಿ’. ನಮ್ಮವರು ಅದನ್ನು ಟಿಡಿಎಸ್ (ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುವುದು) ಎಂದೇ ಓದುತ್ತಾರೆ, ಅಂದರೆ ಕೊಡುವುದಲ್ಲ, ಕಿತ್ತುಕೊಳ್ಳುವುದು. ‘ನಿವ್ವಳ ವೇತನ’ವಂತೂ ಪೂರಾ ತಲೆಕೆಳಗು. ನಿವ್ವಳ ಎಂದರೆ ಕೈಗೆ ಬರುವುದು, ಇಲ್ಲಿ ಮುರಿಯುವುದು ಒಟ್ಟು ಸಂಬಳದಲ್ಲಿ. ಇಂಗ್ಲಿಷ್ ಹೆಸರೇ ದಾರಿತಪ್ಪಿಸುವಂಥದು, ಅದನ್ನು ನಿಷ್ಠೆಯಿಂದ ಅನುವಾದಿಸುವ ಹಟ ಏಕೆ? ನೆಟ್ ಪೇಗೆ ‘ತೆರಿಗೆಗೆ ಮುಂಚಿನ ಕಟಾವಣೆ’, ರಿಲೀಫ್ ಅಟ್ ಸೋರ್ಸ್‌ಗೆ ‘ತೆರಿಗೆ ನಂತರದ ಕಟಾವಣೆ, ಸರ್ಕಾರದ ಸೇರ್ಪಡೆ’ ಎಂದು ಬರೆಯಿರಿ. ಪಕ್ಕದಲ್ಲಿ ಇಂಗ್ಲಿಷ್ ಹೆಸರೂ ಇರಲಿ, ಅವರು ಕಚೇರಿಯಲ್ಲಿ ಕೇಳಬೇಕಾದ್ದು ಅದನ್ನೇ. ಶೇ 40ರ ತೆರಿಗೆ ಕಟ್ಟುವವರು ರಿಲೀಫ್ ಅಟ್ ಸೋರ್ಸ್‌ನಲ್ಲಿದ್ದರೆ ಉಳಿದ ಶೇ 20ನ್ನು ತಾವೇ ಕೇಳಿ ಪಡೆಯಬೇಕು, ಅದನ್ನು ದಪ್ಪಕ್ಷರದಲ್ಲಿ ಹಾಕಿ.

ಮೈಸೂರಿನಿಂದ:
ಕಟಾವಣೆ! ಹಿಂದಿಯ ಬಾಲ.

ಬೆಂಗಳೂರಿನಿಂದ:
ನಮ್ಮ ಸರ್ಕಾರಿ ನೌಕರರ ಸಂಬಳದ ಬಿಲ್ಲಿನಲ್ಲಿರುವ ಪದ. ‘ಪಿಂಚಣಿ’ಯನ್ನು ಏನು ಮಾಡುತ್ತೀರಿ? ಅದು ಪೆನ್ಷನ್ನೇ, ನಮ್ಮ ಬಾಯಲ್ಲಿ ತಿರುಗಿದ್ದು.

ಲೀಡ್ಸ್‌ನಿಂದ:
ಕಟಾವಣೆಯೇ ಇರಲಿ. ಇನ್ನೊಂದು ಉಳಿದಿದೆ, ‘ಸ್ಯಾಲರಿ ಸ್ಯಾಕ್ರಿಫೈಸ್’. ಒಪ್ಪಿ ಸಂಬಳವನ್ನೇ ಇಳಿಸಿಕೊಂಡರೆ ಆ ಹಣವನ್ನು ಕಂಪನಿ ತನ್ನ ವಂತಿಗೆಯಾಗಿ ಕಟ್ಟುತ್ತದೆ. ಅದರ ಮೇಲೆ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಹಿಡಿಯುವ ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟುವುದೂ ತಪ್ಪುತ್ತದೆ. ಮೇಲಿನ ಎರಡರಲ್ಲೂ ಅದು ತಪ್ಪುವುದಿಲ್ಲ. ‘ಸಂಬಳ ತ್ಯಾಗ’?

ಧಾರವಾಡದಿಂದ:
ತ್ಯಾಗ ಅಂತ ಬರದ್ರ ಸನ್ಯಾಸ ತಗೊಳ್ಳಾಕ ಹೇಳ್ಯಾರ ಅಂತ ತಿಳೀತಾರ್ರಿ. ‘ಪಗಾರ ಇಳಿಸಿ ಪಿಂಚಣಿ’ ಅನ್ರಿ, ಎಲ್ಲಾರಿಗೂ ತಿಳೀತದ.

ಮೈಸೂರಿನಿಂದ:
ಪಗಾರ ಪೋರ್ಚುಗೀಸ್.

ಧಾರವಾಡದಿಂದ:
ಹೌದ್ರಿ. ಮೇಜೂ ಅವ್ರದೇ. ನೆಲದ ಮ್ಯಾಲೆ ಕುಂತು ಬರೀರಿ ನೀವು.