10-46 ತಂತಿ ಹಾಕಿದ ಮೇಲೆ ಬ್ರಿಡ್ಜ್ ಎದ್ದು ನಿಂತಿದೆ: ಮತ್ತೆ 9ಕ್ಕೆ ಇಳಿಯಬೇಕೇ?

ತುಂಗಾತೀರ (ತೀರ್ಥಹಳ್ಳಿ)

ನನ್ನದು ಸ್ಟ್ರ್ಯಾಟ್ ಮಾದರಿಯ ಗಿಟಾರ್, ಮೂರು ಸ್ಪ್ರಿಂಗಿನ ಟ್ರೆಮೊಲೊ ಬ್ರಿಡ್ಜ್ (ಹಿಡಿ ಒತ್ತಿದರೆ ಬಾಗಿ ಸ್ವರ ಜಾರಿಸುವಂಥದ್ದು). ಕೊಂಡಾಗಿನಿಂದ 9-42 ತಂತಿಯೇ ಇತ್ತು (ಅತಿ ತೆಳು ಒಂದನೆಯ ತಂತಿ ಮತ್ತು ಅತಿ ದಪ್ಪ ಆರನೆಯ ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ). ಆರ್ಕೆಸ್ಟ್ರಾದಲ್ಲಿ ಲೀಡ್ ನುಡಿಸುತ್ತೇನೆ, ಹಳೆಯ ಚಿತ್ರಗೀತೆಗಳೇ ಹೆಚ್ಚು. ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಎರಡೂ ಏರಿದಾಗ ನನ್ನ ಗಿಟಾರ್ ಕೀರಲಾಗಿ ಕೇಳುತ್ತದೆ ಎಂಬ ದೂರಿತ್ತು. ದಪ್ಪ ತಂತಿ ಹಾಕಿದರೆ ದನಿಯೂ ದಪ್ಪವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ 10-46 ಸೆಟ್ ತಂದು ಹಾಕಿದೆ.

ಈಗ ಬ್ರಿಡ್ಜಿನ ಹಿಂಭಾಗ ಪೆನ್ಸಿಲ್ ತೂರುವಷ್ಟು ಮೇಲೆದ್ದಿದೆ. ಹನ್ನೆರಡನೆಯ ಫ್ರೆಟ್ ಬಳಿ ತಂತಿಗಳು ಒತ್ತಲಾಗದಷ್ಟು ಎತ್ತರ. ಆರನೆಯ ತಂತಿಯಿಂದ ಶ್ರುತಿ ಮಾಡುತ್ತಾ ಒಂದನೆಯದಕ್ಕೆ ಬರುವಷ್ಟರಲ್ಲಿ ಆರನೆಯದು ಇಳಿದು ಕುಳಿತಿರುತ್ತದೆ. ಮೂರನೆಯ ತಂತಿಯನ್ನು ಪೂರ್ತಿ ಒಂದು ಸ್ವರ ಬೆಂಡ್ ಮಾಡಿ (ಬೆರಳಿನಿಂದ ಅಡ್ಡಕ್ಕೆ ತಳ್ಳಿ ಸ್ವರ ಏರಿಸಿ) ಬಿಟ್ಟರೆ ಅದು ಮೊದಲಿನ ಶ್ರುತಿಗೆ ಮರಳದೆ ಸ್ವಲ್ಪ ಕೆಳಗೇ ಉಳಿಯುತ್ತದೆ. ಕೀಲಿ ತಿರುಗಿಸಿ ಏರಿಸಲು ಹೋದರೆ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಹತ್ತಿರ ‘ಟಿಣ್’ ಎಂದು ಸದ್ದಾಗಿ ಒಮ್ಮೆಲೇ ಮೇಲಕ್ಕೆ ಹಾರುತ್ತದೆ.

ಗಣಪತಿ ಹಬ್ಬದ ಕಾರ್ಯಕ್ರಮಗಳು ಹತ್ತಿರ ಬಂದಿವೆ. 9ಕ್ಕೇ ಮರಳುವುದೋ, ಇದನ್ನೇ ಸರಿಪಡಿಸಿಕೊಳ್ಳುವುದೋ ತಿಳಿದವರು ಹೇಳಿ.

ಕೊಪ್ಪದ ಲೀಡ್ (ಕೊಪ್ಪ)

10 ಗಟ್ಟಿಯಾಯಿತು ಎನ್ನುವುದನ್ನು ಕೇಳಿ ಆಶ್ಚರ್ಯವಾಯಿತು. ನನ್ನ ಗಿಟಾರಿನಲ್ಲೂ 10-46 ಇದೆ, ಬೆರಳು ಹೇಳಿದಂತೆ ಕೇಳುತ್ತದೆ. ನಿಮಗೆ ಅಭ್ಯಾಸ ಸಾಲದು ಅಷ್ಟೆ. ಒಂದು ತಿಂಗಳು ತಾಳ್ಮೆಯಿಂದ ನುಡಿಸಿ.

ಬೆಸುಗೆ ಕಡ್ಡಿ (ಸಾಗರ)

ಕೊಪ್ಪದವರೇ, ನಿಮ್ಮದು ಲೆಸ್ ಪಾಲ್ ಆಕಾರದ ಗಿಟಾರ್ ಎಂದು ಹಿಂದೊಮ್ಮೆ ಬರೆದಿದ್ದಿರಿ. ಅದರಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ 24.75 ಇಂಚು. ಸ್ಟ್ರ್ಯಾಟ್‌ನಲ್ಲಿ 25.5. ಮುಕ್ಕಾಲು ಇಂಚು ಏನು ಮಹಾ ಎನಿಸಬಹುದು, ಆದರೆ ಎಳೆತ ಏರುವುದು ಉದ್ದದ ವರ್ಗಕ್ಕೆ ತಕ್ಕಂತೆ. ತಂತಿಯೂ ಶ್ರುತಿಯೂ ಒಂದೇ ಇದ್ದರೂ ನಿಮ್ಮ ಗಿಟಾರಿನಲ್ಲಿ ಎಳೆತ ಸುಮಾರು ಶೇ. 6ರಷ್ಟು ಕಡಿಮೆ. ಅಲ್ಲದೆ ನಿಮ್ಮ ಬ್ರಿಡ್ಜ್ ಮರಕ್ಕೆ ಭದ್ರವಾಗಿ ಕೂತಿದೆ, ಅವರದು ಸ್ಪ್ರಿಂಗ್ ಬಲದಲ್ಲಿ ತೇಲುತ್ತಿದೆ. ನಿಮ್ಮ ಬೆರಳಿನ ಅನುಭವವನ್ನು ಅವರ ಗಿಟಾರಿಗೆ ಅನ್ವಯಿಸಿದರೆ ಅವರು ವರ್ಷವಿಡೀ ಅಭ್ಯಾಸ ಮಾಡಿದರೂ ಬ್ರಿಡ್ಜ್ ಕೆಳಗಿಳಿಯುವುದಿಲ್ಲ.

ತುಂಗಾತೀರದವರೇ, ನೀವು ನುಡಿಸುವುದು ಸಾಮಾನ್ಯ ಶ್ರುತಿಯಲ್ಲೋ, ಇಳಿಸಿಯೋ? ಟ್ರೆಮೊಲೊ ಹಿಡಿಯನ್ನು ನಿಜವಾಗಿ ಬಳಸುತ್ತೀರೋ? ಇನ್ನೊಂದು, ಒಂದನೆಯ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕುತ್ತಿಗೆ ದೇಹಕ್ಕೆ ಕೂಡುವ ಜಾಗದ ಫ್ರೆಟ್‌ನಲ್ಲಿ ಆರನೆಯ ತಂತಿಯನ್ನು ಒತ್ತಿ ಹಿಡಿಯಿರಿ. ಏಳನೆಯ ಅಥವಾ ಎಂಟನೆಯ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದಿದೆ ಅಳೆಯಿರಿ. ಅಳೆಯಲು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಗೊಂಚಲು) ಬೇಕು. ಪೇಟೆಗೆ ಓಡಬೇಕಾಗಿಲ್ಲ, ಪಕ್ಕದ ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಅದನ್ನು ಇಟ್ಟುಕೊಂಡಿರುತ್ತಾರೆ. ಎಣ್ಣೆ ಒರೆಸಿ ತನ್ನಿ. 0.25 ಮಿ.ಮೀ. ಆಸುಪಾಸಿನಲ್ಲಿದ್ದರೆ ಕುತ್ತಿಗೆ ಸರಿಯಿದೆ ಎಂದರ್ಥ.

ತುಂಗಾತೀರ

ಮೆಕ್ಯಾನಿಕ್ ನಗುತ್ತಲೇ ಕೊಟ್ಟರು. 0.35 ಎಲೆ ಸಲೀಸಾಗಿ ಹೋಗುತ್ತದೆ, 0.40 ಎಲೆ ತಂತಿಯನ್ನು ಉಜ್ಜುತ್ತದೆ. ಹಿಡಿ ಬೇಕಾಗುವುದು ಒಂದೆರಡು ಹಾಡಿನ ಕೊನೆಯಲ್ಲಿ ಸ್ವರವನ್ನು ಕೆಳಕ್ಕೆ ಜಾರಿಸಲು ಮಾತ್ರ.

ಶ್ರುತಿ ಸಾಮಾನ್ಯದ್ದೇ. ಆದರೆ ನಮ್ಮ ಗಾಯಕರಿಗೆ ಈಗ ಮೊದಲಿನಂತೆ ಮೇಲಿನ ಸ್ವರಗಳು ಏಳುತ್ತಿಲ್ಲ. ಬಿಳಿ ಎರಡರಲ್ಲಿದ್ದ ಹಾಡನ್ನು ಕಪ್ಪು ಒಂದಕ್ಕೆ, ಅಂದರೆ ಅರ್ಧ ಸ್ವರ ಇಳಿಸಿ ಎನ್ನುತ್ತಾರೆ, ಹೆಚ್ಚು ಕಡಿಮೆ ಎಲ್ಲ ಹಾಡುಗಳಿಗೂ ಇದೇ ಕತೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಕೈತೊಳೆದುಕೊಳ್ಳುತ್ತಾರೆ. ನಾನು ಬಿಟ್ಟ ತಂತಿಗಳ (ಬೆರಳಿಡದೆ ಮೀಟುವಂಥವು) ಆಸೆಯನ್ನೇ ಬಿಟ್ಟು, ತೋರುಬೆರಳನ್ನು ತಂತಿಗಳಿಗೆ ಅಡ್ಡವಾಗಿ ಒತ್ತುವ ಬ್ಯಾರೆ ಕಾರ್ಡ್ ಹಿಡಿದು ಒದ್ದಾಡುತ್ತೇನೆ.

ಹಳೇ ಸ್ಟೇಜು (ಭದ್ರಾವತಿ)

ಇಷ್ಟೆಲ್ಲ ಲೆಕ್ಕ ಏಕೆ ಮಾರಾಯರೇ? ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕಿ ನುಡಿಸುತ್ತಿದ್ದರು. ದನಿ ಬೇಕಾದರೆ ಬೆರಳು ನೋಯಲೇಬೇಕು. 9 ಹಾಕಿಕೊಂಡು ದಪ್ಪ ದನಿ ಬೇಕೆಂದರೆ ಎಲ್ಲಿಂದ ತರುವುದು?

ಬೆಸುಗೆ ಕಡ್ಡಿ

ವಾನ್ ಅವರ 13 ಎಲ್ಲರಿಗೂ ಗೊತ್ತು. ಅವರು ಗಿಟಾರನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಜೊತೆಗೆ ಹೇಳುವುದಿಲ್ಲ. ಝೀ ಝೀ ಟಾಪ್ ರಾಕ್ ತಂಡದ ಬಿಲ್ಲಿ ಗಿಬ್ಬನ್ಸ್ ಬಳಸುವುದು 7ರ ತಂತಿ, ಅವರ ದನಿ ತೆಳ್ಳಗಿದೆ ಎಂದವರನ್ನು ನಾನಿನ್ನೂ ಕಂಡಿಲ್ಲ. ನಮ್ಮ ಕಡೆಯ ಉದಾಹರಣೆಯೇ ಬೇಕಾದರೆ, ಯು. ಶ್ರೀನಿವಾಸ್ ಮ್ಯಾಂಡೋಲಿನ್‌ನ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೋಲಿನ್ ಹಿಡಿದರು. ಜೋಡಿ ತಂತಿಯ ಮೇಲೆ ಗಮಕ ಎಳೆಯಲು ಹೊರಟವರಿಗೆ ಅದರ ಮರ್ಮ ತಿಳಿಯುತ್ತದೆ. ದಪ್ಪ ತಂತಿಯಿಂದ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ, ಅಯಸ್ಕಾಂತವಿರುವ ಭಾಗ) ಸಿಗುವ ಸಂಕೇತ ಸ್ವಲ್ಪ ಜೋರಾಗುತ್ತದೆ, ಜೋರಾಗಿ ಮೀಟಿದರೂ ತಂತಿ ಅಲ್ಲಾಡಿ ಫ್ರೆಟ್‌ಗೆ ಬಡಿಯುವುದು ಕಡಿಮೆ. ಇದು ನಿಜವಾದ ಲಾಭ. ಅದಕ್ಕಿಂತ ಹೆಚ್ಚಿನದನ್ನು ಗೇಜ್‌ನಿಂದ, ಅಂದರೆ ತಂತಿಯ ದಪ್ಪದಿಂದ, ನಿರೀಕ್ಷಿಸಬಾರದು.

ತುಂಗಾತೀರದವರೇ, ನಿಮ್ಮ ಸಮಸ್ಯೆಯ ಬೇರು ಗಾಯಕರ ಗಂಟಲಿನಲ್ಲಿದೆ. ಹಾಡುಗಳೆಲ್ಲ ಅರ್ಧ ಸ್ವರ ಇಳಿದಿವೆ, ಗಿಟಾರ್ ಮಾತ್ರ ಇಳಿದಿಲ್ಲ. ಯಾವ ಶ್ರುತಿಯಲ್ಲಿ ನುಡಿಸುತ್ತೀರಿ ಎಂದು ನಿಶ್ಚಯಿಸದೆ ಗೇಜ್ ಆರಿಸುವುದು, ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಲೆಕ್ಕ ನೋಡಿ. 25.5 ಇಂಚಿನ ಗಿಟಾರಿನಲ್ಲಿ ಸಾಮಾನ್ಯ ಶ್ರುತಿಗೆ 9-42 ಸೆಟ್ ಒಟ್ಟಾರೆ ಸುಮಾರು 38ರಿಂದ 39 ಕೆ.ಜಿ. ಎಳೆಯುತ್ತದೆ. 10-46 ಎಳೆಯುವುದು ಸುಮಾರು 47. ಅಂದರೆ ಎಂಟು ಕಿಲೋ ಹೆಚ್ಚು. ಹಿಂದಿನ ಮೂರು ಸ್ಪ್ರಿಂಗ್‌ಗಳು ಹಳೆಯ ಎಳೆತಕ್ಕೆ ಹೊಂದಿಸಿದವು, ಆದ್ದರಿಂದ ಬ್ರಿಡ್ಜ್ ಮುಂದಕ್ಕೆ ಬಾಗಿತು. ತಂತಿ ಎತ್ತರವಾದದ್ದು, ಒಂದನ್ನು ಏರಿಸಿದರೆ ಇನ್ನೊಂದು ಇಳಿಯುವುದು, ಎರಡೂ ಅದರ ಪರಿಣಾಮವೇ. ಒಂದನೆಯ ತಂತಿಯನ್ನೇ ತೆಗೆದುಕೊಂಡರೆ 9ರದು ಸುಮಾರು 6 ಕೆ.ಜಿ., 10ರದು 7.3. ಒಂದು ಇಂಚಿನ ಸಾವಿರದಲ್ಲಿ ಒಂದು ಪಾಲು ದಪ್ಪವಾದರೆ ಶೇ. 23ರಷ್ಟು ಎಳೆತ ಹೆಚ್ಚಿತು. ಬೆಂಡ್ ಮಾಡುವಾಗ ಬೆರಳು ಸಾಗುವ ದೂರ ಹೆಚ್ಚು ಕಡಿಮೆ ಅಷ್ಟೇ, ಹಾಕಬೇಕಾದ ಬಲ ಹೆಚ್ಚು. ಮೂರನೆಯದು 16ರಿಂದ 17ಕ್ಕೆ ಏರಿದೆ. ಜೊತೆಗೆ ತೇಲುವ ಬ್ರಿಡ್ಜ್ ನಿಮ್ಮ ಬೆಂಡಿಗೆ ತಾನೂ ಬಾಗಿಕೊಡುವುದರಿಂದ ಆ ಸ್ವರ ಮುಟ್ಟಲು ಬೆರಳನ್ನು ಇನ್ನೂ ಸ್ವಲ್ಪ ತಳ್ಳಬೇಕು.

ಈಗ ಅದೇ 10-46 ಅನ್ನು ಅರ್ಧ ಸ್ವರ ಇಳಿಸಿ. ಎಳೆತ ಶೇ. 11ರಷ್ಟು ತಗ್ಗಿ ಸುಮಾರು 42ಕ್ಕೆ ಬರುತ್ತದೆ. ನಿಮ್ಮ ಹಳೆಯ 9ಕ್ಕಿಂತ ತುಸು ಬಿಗಿ, ಈಗಿನದಕ್ಕಿಂತ ಬಹಳ ಸಡಿಲ. ಗಾಯಕರೊಂದಿಗೆ ಮಾಮೂಲಿ ಕಾರ್ಡ್‌ಗಳನ್ನೇ ಹಿಡಿಯಬಹುದು, ಬಿಟ್ಟ ತಂತಿಗಳೂ ಮರಳಿ ಸಿಗುತ್ತವೆ. 9ಕ್ಕೆ ಇಳಿದು ಮೇಲೆ ಅರ್ಧ ಸ್ವರವನ್ನೂ ಇಳಿಸಿದರೆ ಆರನೆಯ ತಂತಿ ಜೋಲು ಬಿದ್ದು ಫ್ರೆಟ್‌ಗೆ ಬಡಿಯುತ್ತದೆ. ನೀವು ತಂದ ಸೆಟ್ ನಿಮಗೆ ಸರಿಯಾದದ್ದೇ.

ಮಾಡಬೇಕಾದ ಕ್ರಮ ಹೀಗೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳ ಒಂದು ತುದಿ ಸಿಕ್ಕಿಸಿರುವ ಕಬ್ಬಿಣದ ಪಟ್ಟಿಯನ್ನು ಎರಡು ಉದ್ದನೆಯ ಸ್ಕ್ರೂಗಳು ಮರಕ್ಕೆ ಹಿಡಿದಿರುತ್ತವೆ. ತಂತಿಗಳನ್ನು ಸಡಿಲಿಸಿ ನಾಲ್ಕನೆಯ ಸ್ಪ್ರಿಂಗ್ ಸೇರಿಸಿ, ಮತ್ತೆ ಅರ್ಧ ಸ್ವರ ಕೆಳಗಿನ ಶ್ರುತಿಗೆ ತನ್ನಿ. ಆಮೇಲೆ ಆ ಎರಡೂ ಸ್ಕ್ರೂಗಳನ್ನು ಒಂದೊಂದೇ ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲವೂ ಶ್ರುತಿ ನೋಡುತ್ತಾ, ಬ್ರಿಡ್ಜ್ ಪೂರ್ತಿಯಾಗಿ ಮರಕ್ಕೆ ಒರಗುವವರೆಗೆ ಹೋಗಿ. ಒರಗಿದ ಮೇಲೆ ಇನ್ನೊಂದು ಸುತ್ತು. ನಿಮಗೆ ಹಿಡಿ ಬೇಕಿರುವುದು ಕೆಳಕ್ಕೆ ಜಾರಿಸಲು ಮಾತ್ರ, ಅದು ಹೀಗೂ ಸಾಧ್ಯ. ತೇಲಿಸಲೇಬೇಕೆಂಬ ಹಟ ಇದ್ದವರು ಹಿಂಭಾಗ 3 ಮಿ.ಮೀ. ಎದ್ದಿರುವಂತೆ ನಿಲ್ಲಿಸುತ್ತಾರೆ. ಪೆಂಡಾಲಿನಲ್ಲಿ ನುಡಿಸುವವರಿಗೆ ಆ ಉಸಾಬರಿ ಬೇಡ.

‘ಟಿಣ್’ ಸದ್ದಿಗೆ ಕಾರಣ ನಟ್. ಅದರ ಗೀರುಗಳನ್ನು 9-42ಕ್ಕೆ ಕೊರೆದಿದ್ದಾರೆ, ಹೊಸ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ಪೆನ್ಸಿಲ್ ಸೀಸವನ್ನು ಗೀರಿನೊಳಗೆ ಚೆನ್ನಾಗಿ ತಿಕ್ಕಿ ನೋಡಿ. ಬಗ್ಗದಿದ್ದರೆ, ತೆಗೆದಿಟ್ಟ ಹಳೆಯ ತಂತಿಗೆ ನಯವಾದ ಪಾಲಿಶ್ ಪೇಪರ್ ಸುತ್ತಿ ಗೀರಿನ ಎರಡು ಪಕ್ಕಗಳನ್ನು ಮಾತ್ರ ತುಸು ಉಜ್ಜಿ. ತಳ ಮುಟ್ಟಬೇಡಿ. ತಳ ಇಳಿದರೆ ಬಿಟ್ಟ ತಂತಿ ಗಿರಗುಡುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು.

ಹಳೇ ಸ್ಟೇಜು

ಬ್ರಿಡ್ಜನ್ನು ಮರಕ್ಕೆ ಒರಗಿಸಿದ ಮೇಲೆ ಅದನ್ನು ಸ್ಟ್ರ್ಯಾಟ್ ಎಂದು ಏಕೆ ಕರೆಯಬೇಕು? ಸ್ಪ್ರಿಂಗಿನ ಆ ಗುಂಗೇ ಹೋಗುತ್ತದೆ.

ಬೆಸುಗೆ ಕಡ್ಡಿ

ನಿಮ್ಮ ಗಿಟಾರನ್ನು ಒರಗಿಸಲು ನಾನು ಬರುವುದಿಲ್ಲ, ನಿಶ್ಚಿಂತೆಯಿಂದಿರಿ.

ಮಳೆಮನೆ (ಆಗುಂಬೆ)

ತಂತಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಆಷಾಢದಲ್ಲಿ ಗೋಡೆಗೆ ತೂಗುಹಾಕಿದ ಗಿಟಾರಿನ ಹಿಂಭಾಗಕ್ಕೂ ಬೂಷ್ಟು ಬರುತ್ತದೆ. ಸುತ್ತು ಇಲ್ಲದ ಮೇಲಿನ ಮೂರು ತಂತಿಗಳು ಮೊದಲು ತುಕ್ಕು ಹಿಡಿಯುತ್ತವೆ. ಬೆರಳಾಡಿಸಿದರೆ ಸಣ್ಣಗೆ ತರಿತರಿ, ಬೆರಳ ತುದಿಯಲ್ಲಿ ಕಪ್ಪು ಗೆರೆ. ಅಂಥ ತಂತಿ ನಟ್‌ನಲ್ಲೂ ಜಾರುವುದಿಲ್ಲ. ಅಡಿಕೆ ಕೆಲಸ ಮುಗಿಸಿ ಚೊಗರು ಕೈಯಲ್ಲೇ ನುಡಿಸುವವರ ಮನೆಯಲ್ಲಿ ಕೇಳುವುದೇ ಬೇಡ. ಇಲ್ಲಿ ನಾನು ಪದರ ಲೇಪಿಸಿದ ತಂತಿಗಳನ್ನೇ ಹಾಕುವುದು. ಬೆಲೆ ಹೆಚ್ಚು, ಬಾಳಿಕೆ ಅದಕ್ಕಿಂತ ಹೆಚ್ಚು. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ. ಮರ ಬೇಗ ಒಣಗಿ ಫ್ರೆಟ್ ತುದಿಗಳು ಹೊರಗೆ ಚುಚ್ಚುತ್ತವೆ.

ಮಳೆಗಾಲದ ತೇವಕ್ಕೆ ಕುತ್ತಿಗೆಯೂ ಅಲುಗುತ್ತದೆ. ಟ್ರಸ್ ರಾಡ್ (ಕುತ್ತಿಗೆಯ ಬಾಗು ಹೊಂದಿಸುವ ಒಳಗಿನ ಸರಳು) ಮುಟ್ಟುವ ಮುನ್ನ ಗಿಟಾರ್ ಹೊಸ ಶ್ರುತಿಯಲ್ಲಿ ಒಂದು ರಾತ್ರಿ ಕಳೆಯಲಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ನಾಲ್ಕನೆಯ ಸ್ಪ್ರಿಂಗ್ ಹಾಕಿ ಅರ್ಧ ಸ್ವರ ಇಳಿಸಿದೆ, ಬ್ರಿಡ್ಜ್ ಮರಕ್ಕೆ ಕೂತಿತು. ಶ್ರುತಿ ಓಡಾಡುವುದು ನಿಂತಿದೆ. ಮರುದಿನ ಅಳೆದಾಗ ಕುತ್ತಿಗೆಯ ಸಂದು 0.30ಕ್ಕೆ ಬಂದಿತ್ತು, ಹಾಗಾಗಿ ಟ್ರಸ್ ರಾಡ್ ಮುಟ್ಟಲಿಲ್ಲ. ಪೆನ್ಸಿಲ್ ಸೀಸಕ್ಕೆ ಉಳಿದ ತಂತಿಗಳು ಒಲಿದವು, ಮೂರನೆಯದಕ್ಕೆ ಪಾಲಿಶ್ ಪೇಪರ್ ಬೇಕಾಯಿತು. ಬೆಂಡ್ ಈಗ ಕೈಗೆ ಹತ್ತುತ್ತಿದೆ.

ಉಳಿದಿರುವುದು ಎರಡು. ಹನ್ನೆರಡನೆಯ ಫ್ರೆಟ್‌ನಲ್ಲಿ ಆರನೆಯ ತಂತಿ ಒತ್ತಿದಾಗ ಸ್ವರ ಸ್ವಲ್ಪ ಏರಿದಂತಿದೆ. ಮತ್ತೆ ದನಿ ಮೊದಲಿಗಿಂತ ತುಂಬಿದ್ದರೂ ಕೀಬೋರ್ಡಿನ ಎದುರು ಇನ್ನೂ ಹಿಂದೆಯೇ ನಿಲ್ಲುತ್ತದೆ.

ಬೆಸುಗೆ ಕಡ್ಡಿ

ದಪ್ಪ ತಂತಿಗೆ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಣುಕು) ಹಿಂದೆ ಸರಿಯಬೇಕು. ಒತ್ತಿದ ಸ್ವರವು ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಸುಮ್ಮನೆ ಸೋಕಿ ಮೀಟಿದಾಗಿನ ಸ್ವರ) ಏರಿದ್ದರೆ ಹಿಂದಿನ ಸ್ಕ್ರೂ ಬಿಗಿ ಮಾಡಿ ಸ್ಯಾಡಲನ್ನು ಗಿಟಾರಿನ ಬಾಲದ ಕಡೆಗೆ ಎಳೆಯಿರಿ, ಇಳಿದಿದ್ದರೆ ಮುಂದಕ್ಕೆ. ಅದಕ್ಕೂ ಮೊದಲು ತಂತಿಯ ಎತ್ತರ ಮುಗಿಸಿಕೊಳ್ಳಿ. ಹದಿನೇಳನೆಯ ಫ್ರೆಟ್ ಮೇಲೆ 1.6 ಮಿ.ಮೀ. ಇರಲಿ. ಜೋರಾಗಿ ಮೀಟುವ ಕೈಯಾದರೆ ಆರನೆಯದು ಇನ್ನೂ ಕೂದಲೆಳೆಯಷ್ಟು ಮೇಲಿರಲಿ.

ದನಿಗೆ ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಆರನೆಯ ತಂತಿಯ ಅಡಿಯಲ್ಲಿ 2 ಮಿ.ಮೀ., ಒಂದನೆಯದರ ಅಡಿಯಲ್ಲಿ 1.6. ಇನ್ನೂ ಹತ್ತಿರ ತಂದರೆ ಜೋರಾಗುತ್ತದೆ ಎಂದು ಆಸೆಪಡಬೇಡಿ, ಅಯಸ್ಕಾಂತ ದಪ್ಪ ತಂತಿಯನ್ನು ಸೆಳೆದು ಸ್ವರ ಓಲಾಡುತ್ತದೆ. ಆಮೇಲೆ ಆಂಪ್‌ನಲ್ಲಿ ಬಾಸ್ ಇಳಿಸಿ ಮಿಡ್ ಏರಿಸಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಅದು ಮೂಗಿನಿಂದ ಹಾಡಿದಂತೆ ಕೇಳಿಸಬಹುದು. ಕೀಬೋರ್ಡ್ ಸೇರಿದಾಗ ನಿಮ್ಮನ್ನು ಮುಂದಕ್ಕೆ ತರುವುದು ಅದೇ ಮಿಡ್.

ತುಂಗಾತೀರ

ನಿನ್ನೆಯ ತಾಲೀಮಿನಲ್ಲಿ ಮಿಡ್ ಏರಿಸಿದೆ. ದನಿ ಸ್ವಲ್ಪ ಇಳಿಸು ಎಂದು ಕೀಬೋರ್ಡಿನವರೇ ಹೇಳಿದರು! ಕೊನೆಯದಾಗಿ ಒಂದು ಸಂಶಯ. ಕಾರ್ಯಕ್ರಮದ ನಡುವೆ ಒಂದು ತಂತಿ ಹರಿದರೆ?

ಬೆಸುಗೆ ಕಡ್ಡಿ

ತೇಲುವ ಬ್ರಿಡ್ಜ್ ಆಗಿದ್ದರೆ ಉಳಿದ ಐದೂ ಒಮ್ಮೆಲೇ ಶ್ರುತಿ ಏರಿ ಹಾಡು ನಿಲ್ಲಿಸಬೇಕಾಗುತ್ತಿತ್ತು. ನಿಮ್ಮದು ಒರಗಿದೆ, ಐದು ತಂತಿಯಲ್ಲೇ ಹಾಡು ಮುಗಿಸಬಹುದು. ಬಿಡಿ ತಂತಿಯಾಗಿ 10 ಮತ್ತು 13 (ನಿಮ್ಮ ಸೆಟ್‌ನ ಒಂದನೆಯ, ಎರಡನೆಯ ತಂತಿಗಳು) ಎರಡೆರಡು ಚೀಲದಲ್ಲಿರಲಿ, ಹರಿಯುವುದು ಹೆಚ್ಚಾಗಿ ಅವೇ. ಹೊಸದನ್ನು ಹಾಕಿದ ಕೂಡಲೇ ಕೈಯಿಂದ ಮೇಲಕ್ಕೆತ್ತಿ ನಾಲ್ಕಾರು ಸಲ ಜಗ್ಗಿ, ಮತ್ತೆ ಶ್ರುತಿ ಮಾಡಿ, ಆಮೇಲೆ ಮುಂದಿನ ಹಾಡಿಗೆ ಹೋಗಿ.